ಬದಿಯಡ್ಕದ ನಾಲ್ಕಡಿ ಕಡಲಿನಲ್ಲಿ ಗಡಿ ಜಗಳ

ಅಕ್ಕನ ಮನೆ ಇರುವುದು ಬದಿಯಡ್ಕದಲ್ಲಿ. ಅಲ್ಲಿನ ಚಾವಡಿಯಲ್ಲಿರುವ ಉಪ್ಪುನೀರಿನ ಟ್ಯಾಂಕ್ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಲೆಕ್ಕದ ಪ್ರಕಾರ 255 ಲೀಟರ್ ಹಿಡಿಯಬೇಕು. ಕಲ್ಲು, ಮರಳು ಮತ್ತು ಮೇಲೆ ಖಾಲಿ ಬಿಟ್ಟ ಜಾಗ ಕಳೆದರೆ ಇನ್ನೂರರ ಆಸುಪಾಸು ಉಳಿಯುತ್ತದೆ. ಅಳಿಯ ಅದರಲ್ಲಿ ಆರು ಮೀನು ಸಾಕಿದ್ದ. ಮೂರು ಬಿಳಿ ಚುಕ್ಕಿಯ ಕಪ್ಪು ಡೊಮಿನೊ ಡ್ಯಾಮ್ಸೆಲ್ ಒಂದು, ಕಡುನೀಲಿ ಡ್ಯಾಮ್ಸೆಲ್ ಒಂದು, ಕ್ಲೌನ್ ಮೀನಿನ ಜೋಡಿ, ಒಂದು ಬಂಗಾಯಿ ಕಾರ್ಡಿನಲ್, ಒಂದು ಫೈರ್‌ಫಿಶ್. ನಾನು ಹೋದಾಗ ಕಾರ್ಡಿನಲ್ ಮೀನಿನ ಬಾಲದ ಕೆಳತುದಿ ಸೀಳಿತ್ತು. ಫೈರ್‌ಫಿಶ್ ಪಂಪಿನ ಹಿಂದಿನ ಮೂಲೆಯಲ್ಲಿ, ಮೂತಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ನಿಂತಿತ್ತು. ಟ್ಯಾಂಕಿನ ನಟ್ಟನಡುವೆ ಕಲ್ಲುಗಳನ್ನೆಲ್ಲ ಪೇರಿಸಿ ಮಾಡಿದ ಒಂದೇ ಒಂದು ಗುಡ್ಡ. ಅದರ ಮೇಲ್ಭಾಗದ ಗವಿಯ ಬಾಯಿಯಲ್ಲಿ ಡೊಮಿನೊ.

“ಮಾವ, ಈ ಕಪ್ಪು ಮೀನು ಮಹಾ ಪೋಕರಿ. ನೀವು ಇದೊಂದನ್ನು ಹಿಡಿದುಕೊಡಿ, ಉಳಿದದ್ದೆಲ್ಲ ತಾನಾಗಿ ಸರಿಯಾಗುತ್ತದೆ” ಎಂದ ಅಳಿಯ.

ನನ್ನ ಹೊಟ್ಟೆಪಾಡು ಅಡಿಕೆ ತೋಟಗಳ ಪಂಪ್ ರಿಪೇರಿ. ನೀರು ಏರದಿದ್ದರೆ ಎಲ್ಲರೂ ಮೊದಲು ಬೈಯುವುದು ಮೋಟಾರನ್ನು. ಇಳಿದು ನೋಡಿದರೆ ಕೆರೆಯ ತಳದ ಫುಟ್‌ವಾಲ್ವ್‌ನಲ್ಲಿ ಸೋಗೆಯ ಚೂರು ಸಿಕ್ಕಿಕೊಂಡಿರುತ್ತದೆ. ಮೀನನ್ನು ಬೈಯುವ ಮೊದಲು ಕಲ್ಲು ಜೋಡಿಸಿದ ರೀತಿಯನ್ನು ನೋಡೋಣ ಎಂದೆ. ಅಳಿಯನಿಗೆ ಸಮಾಧಾನವಾಗಲಿಲ್ಲ. ಆದರೂ ಸೋದರಮಾವನ ಮಾತು, ಎದುರಾಡಲಿಲ್ಲ.

ಮೊದಲು ನೀರು. ಮೀನು ಮೇಲೆ ಬಂದು ಬಾಯಿ ಬಿಡುವುದಕ್ಕೆ, ಮೈಯನ್ನು ಕಲ್ಲಿಗೆ ಉಜ್ಜುವುದಕ್ಕೆ ಇನ್ನೊಂದು ಮೀನಿನ ಕಾಟವೇ ಕಾರಣ ಎಂದು ಹೇಳಲಾಗದು. ಮೀನಿನ ಕಸದಿಂದ ಹುಟ್ಟುವ ಅಮೋನಿಯಾ ಏರಿದರೂ ಹಾಗೆಯೇ ಮಾಡುತ್ತದೆ, ಬಿಳಿ ಚುಕ್ಕಿ ರೋಗ ಹತ್ತಿದರೂ ಹಾಗೆಯೇ ಮಾಡುತ್ತದೆ. ಕಿಟ್‌ನಲ್ಲಿ ಪರೀಕ್ಷಿಸಿದಾಗ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ಪಿಎಚ್ 8.1. ಇದರಲ್ಲಿ ತಕರಾರಿಲ್ಲ. ಆದರೆ ನೀರಿನ ಸಾಂದ್ರತೆ ಇರಬೇಕಾದ 1.025ರ ಬದಲು 1.027ಕ್ಕೆ ಏರಿತ್ತು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನೀರು ಇಳಿದಾಗಲೆಲ್ಲ ಮತ್ತೆ ಉಪ್ಪುನೀರನ್ನೇ ತುಂಬುತ್ತಿದ್ದುದರಿಂದ ಹಾಗಾಗಿತ್ತು; ತುಂಬಬೇಕಾದದ್ದು ಆರ್‌ಒ ಸಿಹಿನೀರು. ಮೇ ತಿಂಗಳ ಸೆಕೆಗೆ ನೀರಿನ ಬಿಸಿ 30 ಡಿಗ್ರಿಯಲ್ಲಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಮಾತ್ರ ಹೆಚ್ಚು. ಮೇಲಿನಿಂದ ಗಾಳಿ ಬೀಸುವಂತೆ ಒಂದು ಸಣ್ಣ ಫ್ಯಾನ್ ಕಟ್ಟಿದೆ. ಕರಾವಳಿಯ ತೇವದ ಗಾಳಿಯಲ್ಲಿ ಫ್ಯಾನಿನಿಂದ ಪವಾಡ ಆಗುವುದಿಲ್ಲ. ಒಂದೂವರೆ ಎರಡು ಡಿಗ್ರಿ ಇಳಿಯಿತು, ಅಷ್ಟೇ ಸಾಕಾಯಿತು. ಕರೆಂಟು ಹೋದಾಗ ನೀರು ಕಲಕುವ ಪಂಪ್ ನಿಲ್ಲದಂತೆ ಅದರ ವಯರನ್ನು ಮನೆಯ ಇನ್‌ವರ್ಟರ್ ಲೈನಿಗೆ ಸೇರಿಸಿದೆ. ಈ ಊರಿನಲ್ಲಿ ಮೊದಲ ಮಳೆಗೇ ಮರದ ಗೆಲ್ಲು ಲೈನಿನ ಮೇಲೆ ಬೀಳುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ.

“ಕುಂಬಳೆಯ ಕಡಲು ಇಷ್ಟು ಹತ್ತಿರ ಇರುವಾಗ ದುಡ್ಡು ಕೊಟ್ಟು ಉಪ್ಪು ಏಕೆ ತರಬೇಕು ಮಾವ?” ಇದು ಅಳಿಯನ ಹಳೆಯ ಪ್ರಶ್ನೆ. ಬೇಸಿಗೆಯಲ್ಲಾದರೆ ತಂದು ಸೋಸಿ, ಕೆಲವು ದಿನ ಕತ್ತಲಲ್ಲಿಟ್ಟು ಬಳಸಬಹುದು. ಜೂನ್ ಹಿಡಿದ ಮೇಲೆ ಹೊಳೆಗಳೆಲ್ಲ ಕೆಂಪು ನೀರನ್ನು ಕಡಲಿಗೆ ಸುರಿಯುತ್ತವೆ. ದಡದ ನೀರಿನ ಉಪ್ಪು ದಿನಕ್ಕೊಂದು ಬಗೆ, ಜೊತೆಗೆ ಕೆಸರು. ಪುಡಿ ಉಪ್ಪನ್ನೇ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಕಲಸಿ, ಅಳೆದು ಹಾಕುವುದು ನೆಮ್ಮದಿ.

ಆಮೇಲೆ ನೋಡುವ ಕೆಲಸ. ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಏನೂ ತಿಳಿಯುವುದಿಲ್ಲ. ಮನುಷ್ಯನನ್ನು ಕಂಡೊಡನೆ ಊಟ ಬಂತೆಂದು ಮೀನುಗಳು ಗಾಜಿನ ಬಳಿ ಸೇರುತ್ತವೆ. ಸ್ಟೂಲಿನ ಮೇಲೆ ಮೊಬೈಲ್ ಇಟ್ಟು, ವಿಡಿಯೊ ಚಾಲೂ ಮಾಡಿ ಚಹಾ ಕುಡಿಯಲು ಒಳಗೆ ಹೋದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ದೀಪ ಆರುವ ಹೊತ್ತಿಗೆ ಹೀಗೆ ತೆಗೆದ ವಿಡಿಯೊಗಳನ್ನು ಇಟ್ಟುಕೊಂಡು ಒಂದು ಕಾಗದದ ಮೇಲೆ ಟ್ಯಾಂಕಿನ ಚಿತ್ರ ಬರೆದೆ. ಒಂದು ಮೀನು ಇನ್ನೊಂದನ್ನು ಅಟ್ಟಿಸಲು ಹೊರಟ ಜಾಗಕ್ಕೆ ಕೆಂಪು ಗುರುತು, ಬಿಟ್ಟು ಹಿಂದಿರುಗಿದ ಜಾಗಕ್ಕೆ ನೀಲಿ ಗುರುತು.

ಕಾಗದ ತುಂಬಿದ ಮೇಲೆ ಕೆಂಪು ಗುರುತುಗಳೆಲ್ಲ ಆ ಒಂದು ಗವಿಯ ಸುತ್ತಲೇ ಇದ್ದವು. ನೀಲಿ ಗುರುತುಗಳು ಮಾತ್ರ ಎಡದ ಗಾಜಿನಿಂದ ಬಲದ ಗಾಜಿನವರೆಗೂ ಹರಡಿದ್ದವು. ಗುಡ್ಡದ ಎತ್ತರದಲ್ಲಿ ಕೂತರೆ ಎರಡೂ ಕಡೆಯ ಬಯಲು ಕಣ್ಣಿಗೆ ಬೀಳುತ್ತದೆ. ಕಂಡದ್ದೆಲ್ಲವನ್ನೂ ಕಾಯುವುದು ಡೊಮಿನೊ ಜಾತಿಯ ಸ್ವಭಾವ. ಹವಳದ ದಿಬ್ಬದ ಮೇಲೆ ಒಂದು ಡ್ಯಾಮ್ಸೆಲ್ ಗಂಡಿಗೆ ಬೇಕಾಗುವುದು ಅಡಗಲು ಒಂದು ಸಂದು, ಹೆಣ್ಣು ಬಂದು ಮೊಟ್ಟೆ ಅಂಟಿಸಲು ಒಂದು ಮೇಲ್ಮೈ, ಸುತ್ತ ಒಂದಷ್ಟು ಆಹಾರ. ಮೊಟ್ಟೆ ಕಾಯುವುದು ಗಂಡೇ. ತನಗಿಂತ ಎಷ್ಟೋ ದೊಡ್ಡ ಮೀನು ಬಂದರೂ ಅದು ಮುನ್ನುಗ್ಗುತ್ತದೆ. ಕಡಲಿನಲ್ಲಿ ಓಡಿಸಿಕೊಂಡ ಮೀನಿಗೆ ಹೋಗಲು ಬೇಕಾದಷ್ಟು ಜಾಗ ಇದೆ. ಚಾವಡಿಯಲ್ಲಿ ನಾಲ್ಕಡಿ ದಾಟಿದರೆ ಗಾಜು. ಸಾಲದ್ದಕ್ಕೆ ಅಳಿಯ ದಿನವೂ ಊಟ ಹಾಕುತ್ತಿದ್ದುದು ಗವಿಯಿಂದ ಒಂದು ಗೇಣು ದೂರದಲ್ಲಿ, ಮುಚ್ಚಳದ ಅದೇ ಕಿಂಡಿಯಿಂದ. ಉಣ್ಣಬೇಕಾದರೆ ಎಲ್ಲರೂ ಡೊಮಿನೊದ ಅಂಗಳಕ್ಕೇ ಬರಬೇಕಿತ್ತು.

ಅದು ಟ್ಯಾಂಕಿನ ಯಜಮಾನ ಆದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹೊಸ ಟ್ಯಾಂಕ್ ಹದಕ್ಕೆ ಬರಲಿ, ಅಂದರೆ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲಿ ಎಂದು ಅಂಗಡಿಯವರು ಮೊದಲು ಕೊಡುವುದು ಡ್ಯಾಮ್ಸೆಲ್‌ಗಳನ್ನೇ. ಗಟ್ಟಿ ಜೀವ, ಅಮೋನಿಯಾ ಏರಿದರೂ ಸಹಿಸುತ್ತವೆ, ಬೆಲೆಯೂ ಕಡಿಮೆ. ಕೊಡುವಾಗ ಎರಡು ಸೆಂಟಿಮೀಟರಿನ ಮುದ್ದು ಮರಿ. ಅದು 14 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ, ಬೆಳೆದಂತೆ ಬಿಳಿ ಚುಕ್ಕಿ ಮಾಸುತ್ತದೆ, ಜಾಗದ ಮೇಲಿನ ಹಕ್ಕು ಮಾತ್ರ ಹೆಚ್ಚುತ್ತಲೇ ಹೋಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಮೊದಲು ಬಂದವನಿಗೆ ಇಡೀ ಟ್ಯಾಂಕ್ ತನ್ನದು. ಆಮೇಲೆ ಬಂದವರೆಲ್ಲ ಒಕ್ಕಲು. ಮೀನೇ ಇಲ್ಲದೆ, ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿಯೂ ಟ್ಯಾಂಕನ್ನು ಹದಗೊಳಿಸಬಹುದು. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೂ ಅದೇ ರಾಸಾಯನಿಕ, ಆದರೆ ಅದರಲ್ಲಿ ಬೇರೇನು ಬೆರೆತಿರುತ್ತದೋ ಎಂಬ ಭಯಕ್ಕೆ ನಾನು ಪ್ರಯೋಗಶಾಲೆಗೆ ಮಾರುವ ಪೊಟ್ಟಣವನ್ನೇ ತರಿಸುತ್ತೇನೆ. ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯಾ ಇರುವಷ್ಟು ಹಾಕಿ, ಅದು ದಿನವೊಂದರಲ್ಲಿ ಸೊನ್ನೆಗೆ ಇಳಿಯುವ ಹಂತ ಬರುವವರೆಗೆ ಕಾದರೆ ಆಯಿತು.

ಕಟ್ಟುವ ಕೆಲಸದಲ್ಲಿ ಮೊದಲನೆಯದು ಪೆಟ್ಟಿಗೆ. ಟ್ಯಾಂಕಿನ ಒಳಗೇ ತೂಗುಹಾಕುವ, ಮೈತುಂಬ ತೂತುಗಳಿರುವ ಅಕ್ರಿಲಿಕ್ ಪೆಟ್ಟಿಗೆ. ಹೊಸ ಮೀನನ್ನು ಅದರಲ್ಲಿ ಇಟ್ಟರೆ ಹಳಬರು ನೋಡುತ್ತಾರೆ, ಬಂದು ಕುಟ್ಟುತ್ತಾರೆ, ಆದರೆ ಕಚ್ಚಲಾರರು. ಪೆಟ್ಟು ತಿಂದ ಮೀನಿಗೆ ಅದೇ ಆಸ್ಪತ್ರೆ, ಪೆಟ್ಟು ಕೊಟ್ಟ ಮೀನಿಗೆ ಅದೇ ಜೈಲು. ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಹತ್ತಿರ ಬೋರ್ಡು ಮಾಡುವ ಅಂಗಡಿಯೊಂದರಲ್ಲಿ ಮೂರು ಮಿಲಿಮೀಟರ್ ದಪ್ಪದ ಪಾರದರ್ಶಕ ಹಾಳೆಯ ತುಂಡುಗಳು ಸಿಕ್ಕಿದವು. ಮೂವತ್ತು ಸೆಂಟಿಮೀಟರ್ ಉದ್ದ, ಅಗಲ ಮತ್ತು ಆಳ ಇಪ್ಪತ್ತು ಎಂದು ಅವರಲ್ಲೇ ಕತ್ತರಿಸಿಕೊಂಡೆ. ಮುಚ್ಚಳಕ್ಕೆ ಅವರು ಪುಕ್ಕಟೆ ಕೊಟ್ಟದ್ದು, ಯಾವುದೋ ಬೋರ್ಡಿಗೆ ಮಲಯಾಳಂ ಅಕ್ಷರಗಳನ್ನು ಕತ್ತರಿಸಿ ತೆಗೆದ ಮೇಲೆ ಉಳಿದ ಹಾಳೆ. ಅಕ್ಷರದ ಆಕಾರದ ತೂತುಗಳಿಗೆಲ್ಲ ಒಳಗಿನಿಂದ ಬಲೆಯ ಚೂರು ಕಟ್ಟಿದೆ, ದುಂಡಗಿನ ಒಂದನ್ನು ಮಾತ್ರ ಊಟ ಹಾಕಲು ತೆರೆದು ಬಿಟ್ಟೆ.

ತೂತು ಕೊರೆಯುವಾಗ ಅವಸರ ಮಾಡಬಾರದು. ಆರು ಮಿಲಿಮೀಟರ್ ಬಿಟ್ ಹಾಕಿ, ಹಾಳೆಯ ಅಡಿಗೆ ಹಲಗೆ ಇಟ್ಟು, ಡ್ರಿಲ್ಲನ್ನು ನಿಧಾನಕ್ಕೆ ತಿರುಗಿಸಬೇಕು. ವೇಗ ಹೆಚ್ಚಿದರೆ ಅಕ್ರಿಲಿಕ್ ಕರಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ, ತೂತು ಮುಗಿಯುವ ಹೊತ್ತಿಗೆ ಚಟ್ಟನೆ ಬಿರುಕು ಬಿಡುತ್ತದೆ. ಪ್ರತಿ ತೂತಿನ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಕಿರುಬೆರಳು ಹಾಕಿ ಸವರಿ ನೋಡಿದೆ. ಬೆರಳಿಗೆ ತಾಗುವ ಚೂಪು ಮೀನಿನ ಕಣ್ಣಿಗೂ ತಾಗುತ್ತದೆ. ಗಾಜಿನ ಟ್ಯಾಂಕಿಗೆ ಬಳಸುವ ಸಿಲಿಕೋನ್ ಅಕ್ರಿಲಿಕ್ಕಿಗೆ ಸರಿಯಾಗಿ ಹಿಡಿಯುವುದಿಲ್ಲ. ಬೋರ್ಡಿನವರು ಸಿರಿಂಜಿನಲ್ಲಿ ಬಿಡುವ ದ್ರಾವಣ ಎರಡೂ ಅಂಚುಗಳನ್ನು ಕರಗಿಸಿ ಬೆಸೆಯುತ್ತದೆ, ಅದೇ ಬೇಕು. ಬೆಸೆದ ಪೆಟ್ಟಿಗೆಯನ್ನು ವಾಸನೆ ಪೂರ್ತಿ ಹೋಗುವವರೆಗೆ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ. ಒಳಗೆ ಅಡಗಲು ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡೊಂದನ್ನು ಹಾಕಿ, ಮೊದಲ ದಾಖಲಾತಿ ಫೈರ್‌ಫಿಶ್‌ಗೆ ಕೊಟ್ಟೆ. ಮರುದಿನ ಅದು ಪೈಪಿನಿಂದ ತಲೆ ಹೊರಗೆ ಹಾಕಿ ಊಟಕ್ಕೆ ಬಂತು.

ಡೊಮಿನೊವನ್ನು ಹಿಡಿಯಲು ಬಲೆ ಹಾಕಿ ಅಟ್ಟಿಸುವ ಯೋಚನೆಯನ್ನೇ ನಾನು ಮಾಡಲಿಲ್ಲ. ಕಲ್ಲು ಬೀಳುತ್ತದೆ, ಮರಳು ಏಳುತ್ತದೆ, ಉಳಿದ ಮೀನುಗಳು ಕಂಗಾಲಾಗುತ್ತವೆ, ಕೊನೆಗೆ ಅದು ಸಿಗುವುದೂ ಇಲ್ಲ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ಕುತ್ತಿಗೆಯನ್ನು ಕತ್ತರಿಸಿ, ತಿರುಗಿಸಿ ಒಳಮುಖವಾಗಿ ತೂರಿಸಿದರೆ ಗೂಡು ಸಿದ್ಧ. ಹಳ್ಳದಲ್ಲಿ ಮೀನು ಹಿಡಿಯಲು ಹಾಕುವ ಕೂಳಿಯ ತತ್ವವೇ ಇದು. ಮೀನು ನುಗ್ಗುವಷ್ಟು ಬಾಯಿಯನ್ನು ದೊಡ್ಡದಾಗಿ ಕತ್ತರಿಸಿ, ಅಂಚಿಗೆ ಮೇಣದಬತ್ತಿಯ ಬಿಸಿ ತೋರಿಸಿ ನಯ ಮಾಡಿದೆ. ನೀರು ಆಡಲು ಕಾದ ಮೊಳೆಯಿಂದ ತೂತು, ಮುಳುಗಲು ಒಳಗೊಂದು ಬೆಣಚುಕಲ್ಲು, ಎಳೆಯಲು ನೈಲಾನ್ ದಾರ. ಮೊದಲು ಅದನ್ನು ಬಾಯಿ ತೆರೆದ ಖಾಲಿ ಬಾಟಲಿಯಾಗಿ ಟ್ಯಾಂಕಿನಲ್ಲಿ ಬಿಟ್ಟು, ಊಟವನ್ನು ಅದರೊಳಗೇ ಹಾಕುತ್ತಾ ಬಂದೆವು. ಕ್ಲೌನ್ ಜೋಡಿ ಅದನ್ನು ಹೋಟೆಲು ಮಾಡಿಕೊಂಡಿತು. ಡೊಮಿನೊ ಮೊದಮೊದಲು ಹೊರಗಿನಿಂದಲೇ ಬಾಟಲಿಗೆ ಗುದ್ದುತ್ತಿತ್ತು, ತನ್ನ ಜಾಗದಲ್ಲಿ ಬಂದು ಕೂತ ಹೊಸ ವಸ್ತು ಎಂದು. ಆಮೇಲೆ ಹೊಟ್ಟೆ ಕೇಳಲಿಲ್ಲ. ಒಂದು ದಿನ ಹಸಿವಿನಲ್ಲಿ ಬಿಟ್ಟು, ಕುತ್ತಿಗೆ ತಿರುಗಿಸಿ ಸಿಗಡಿಯ ಚೂರು ಹಾಕಿದಾಗ ಎಲ್ಲರಿಗಿಂತ ಮೊದಲು ನುಗ್ಗಿದ್ದು ಅದೇ.

“ಕುಂಬಳೆಗೆ ಹೋಗಿ ಕಡಲಿಗೆ ಬಿಟ್ಟುಬಿಡೋಣ, ಪುಣ್ಯವೂ ಬರುತ್ತದೆ” ಎಂದ ಅಳಿಯ. ಕೂಡದು ಎಂದೆ. ಅಂಗಡಿಯ ತೊಟ್ಟಿಗಳಲ್ಲಿ ಎಲ್ಲಿಯದೋ ಮೀನುಗಳ ಜೊತೆ ಇದ್ದು ಬಂದ ಮೀನು ಯಾವ ರೋಗ ಹೊತ್ತಿದೆಯೋ; ಅದನ್ನು ಕಡಲಿಗೆ ಕೊಡುವುದು ಪುಣ್ಯದ ಕೆಲಸ ಅಲ್ಲ. ಸ್ಪಂಜಿನ ಫಿಲ್ಟರ್ ಹಾಕಿದ ಇನ್ನೊಂದು ಸಣ್ಣ ಟ್ಯಾಂಕಿನಲ್ಲಿ ಅದನ್ನು ಇಟ್ಟೆವು. ಸ್ಪಂಜನ್ನು ಮೊದಲೇ ದೊಡ್ಡ ಟ್ಯಾಂಕಿನಲ್ಲಿ ನೆನೆಸಿ ಇಟ್ಟಿದ್ದರಿಂದ ಬ್ಯಾಕ್ಟೀರಿಯಾ ಕೂತಿತ್ತು, ಅಮೋನಿಯಾ ಏರಲಿಲ್ಲ.

ಅಳಿಯನ ಲೆಕ್ಕದಲ್ಲಿ ಇಲ್ಲಿಗೆ ಕೆಲಸ ಮುಗಿಯಬೇಕಿತ್ತು. ಪೋಕರಿ ಹೊರಗೆ ಹೋಗಿದೆ, ಇನ್ನೇನು? ಆದರೆ ಗವಿ ಖಾಲಿ ಉಳಿಯಲಿಲ್ಲ. ಅಷ್ಟು ದಿನ ಗುಡ್ಡದ ಬುಡದ ಬಿಲದಲ್ಲಿ ತಲೆ ಮರೆಸಿಕೊಂಡಿದ್ದ ನೀಲಿ ಡ್ಯಾಮ್ಸೆಲ್, ಐದು ಸೆಂಟಿಮೀಟರ್ ಕೂಡ ಇಲ್ಲದ ಜೀವ, ಮೇಲಿನ ಗವಿಗೆ ಏರಿ ಕೂತಿತು. ಮೈಬಣ್ಣವೇ ಬದಲಾಯಿತು. ಮೊದಲು ಹೆದರಿದಾಗಲೆಲ್ಲ ಕಪ್ಪಿಡುತ್ತಿದ್ದ ಮೀನು ಈಗ ದೀಪದಡಿಯಲ್ಲಿ ಝಗ್ಗೆನ್ನುವ ನೀಲಿ. ಕಾರ್ಡಿನಲ್‌ಗೆ ಮತ್ತೆ ಓಟ. ಹೊಸ ವಿಡಿಯೊ ನೋಡಿ ಹಳೆಯ ಕಾಗದದ ಮೇಲೆಯೇ ಗುರುತು ಹಾಕಿದೆ: ಕೆಂಪು ಗುರುತುಗಳು ಅದೇ ಗವಿಯ ಸುತ್ತ. ಅಳಿಯ ಕಾಗದವನ್ನು ಬಹಳ ಹೊತ್ತು ನೋಡಿ, “ಕಲ್ಲು ಬಿಚ್ಚೋಣ ಮಾವ” ಎಂದ.

ಕಲ್ಲಿನ ಸಿದ್ಧತೆ ಅಷ್ಟರೊಳಗೆ ಅಂಗಳದಲ್ಲಿ ನಡೆದಿತ್ತು. ಹೆಚ್ಚಿನ ಕಲ್ಲು ಬೇಕು, ಆದರೆ ಹವಳದ ಕಲ್ಲನ್ನು ಮುಟ್ಟುವಂತಿಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಸತ್ತ ತುಂಡನ್ನು ಇಟ್ಟುಕೊಂಡರೂ ಅಪರಾಧವೇ. ಅಂಗಳದ ಮೂಲೆಯಲ್ಲಿ ಮುರಕಲ್ಲು ರಾಶಿ ಬಿದ್ದಿದೆಯಲ್ಲ ಎಂದರೆ ಅದರ ಕೆಂಪು ಬಣ್ಣವೇ ಕಬ್ಬಿಣದ್ದು, ಪಾಚಿಗೆ ಗೊಬ್ಬರ ಹಾಕಿದಂತೆ ಆದೀತು ಎಂದು ಬಿಟ್ಟೆ. ಸಿಮೆಂಟಿನಲ್ಲಿ ಮಾಡಿದೆವು. ಒಂದು ಪಾಲು ಬಿಳಿ ಸಿಮೆಂಟ್, ಎರಡು ಪಾಲು ಮರುವಾಯಿ ಚಿಪ್ಪಿನ ನುಚ್ಚು, ಎರಡು ಪಾಲು ಕಲ್ಲುಪ್ಪು. ಚಿಪ್ಪನ್ನು ಕುದಿಸಿ, ಒಣಗಿಸಿ, ಗೋಣಿಯಲ್ಲಿ ಕಟ್ಟಿ ಸುತ್ತಿಗೆಯಲ್ಲಿ ಜಜ್ಜಬೇಕು. ನೀರು ಕಡಿಮೆ ಇರಲಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಕೈಗವಸು ಬೇಕೇ ಬೇಕು, ಸಿಮೆಂಟು ಚರ್ಮವನ್ನು ಸುಡುತ್ತದೆ.

ಅಚ್ಚಿಗೆ ದುಡ್ಡು ಹಾಕಲಿಲ್ಲ. ಒದ್ದೆ ಹೊಯಿಗೆಯನ್ನು ಗುಂಡಿ ಮಾಡಿ ಅದರಲ್ಲಿ ಸುರಿದರೆ ಅಡ್ಡಾದಿಡ್ಡಿ ಕಲ್ಲು. ಕಮಾನು ಬೇಕಾದಲ್ಲಿ ಅಡಿಕೆ ಹಾಳೆಯನ್ನು ಸುರುಳಿ ಸುತ್ತಿ ನಡುವೆ ಇಟ್ಟು ಮೇಲಿನಿಂದ ಮೆತ್ತಿದೆವು. ಗಟ್ಟಿಯಾದ ಮೇಲೆ ಹಾಳೆಯನ್ನು ಎಳೆದು ತೆಗೆದರೆ ಒಳಗೆ ನುಣುಪಾದ ಸುರಂಗ, ಹಾಳೆಯ ಗೀರುಗಳ ಸಮೇತ. ಸುರಂಗ ತೋಡಿ ನೀರು ತೆಗೆಯುವ ಊರಿನವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ ಎಂದು ಅಕ್ಕ ನಕ್ಕಳು. ಪ್ರತಿ ಗವಿಗೂ ಎರಡು ಬಾಯಿ ಇರಲೇಬೇಕು ಎಂಬ ಒಂದು ವಿಷಯದಲ್ಲಿ ನಾನು ಹಟ ಹಿಡಿದೆ. ಒಂದೇ ಬಾಯಿಯ ಗವಿಯಲ್ಲಿ ಅಡಗಿದ ಮೀನು ಸಿಕ್ಕಿಬಿದ್ದಂತೆಯೇ. ಎರಡನೆಯ ಬಾಯಿ ಇದ್ದರೆ ಅಟ್ಟಿಸಿಕೊಂಡು ಬಂದದ್ದು ಒಳಗೆ ನುಗ್ಗುವಷ್ಟರಲ್ಲಿ ಇದು ಹೊರಗೆ.

ಸಿಮೆಂಟು ಕಲ್ಲನ್ನು ಹಾಗೇ ಹಾಕಿದರೆ ಮೀನು ಸಾಯುತ್ತದೆ. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಇಳಿದು ನೀರಿನ ಪಿಎಚ್ 11, 12ಕ್ಕೆ ಏರುತ್ತದೆ. ಕೆಲವು ದಿನ ಒದ್ದೆ ಗೋಣಿ ಮುಚ್ಚಿ ಗಟ್ಟಿ ಮಾಡಿ, ಆಮೇಲೆ ಡ್ರಮ್ಮಿನಲ್ಲಿ ಮುಳುಗಿಸಿಟ್ಟು ನೀರು ಬದಲಿಸುತ್ತಾ ಹೋದೆವು. ಮೊದಲು ಉಪ್ಪು ಕರಗಿ ಕಲ್ಲಿನ ತುಂಬ ತೂತು ಬಿತ್ತು, ಅದಕ್ಕೇ ಉಪ್ಪು ಹಾಕುವುದು. ಬದಲಿಸಿದ ನೀರು ಮೂರು ದಿನ ನಿಂತ ಮೇಲೂ ಪಿಎಚ್ 8.5 ದಾಟದ ಹಂತ ಬರುವವರೆಗೆ ಬಿಡಲಿಲ್ಲ. ಇದಕ್ಕೆ ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಅಳಿಯ ಈ ಕಾಲದಲ್ಲಿ ನನ್ನನ್ನು ನೋಡಿದಾಗಲೆಲ್ಲ ಡ್ರಮ್ಮಿನ ವಿಷಯವನ್ನೇ ಎತ್ತುತ್ತಿದ್ದ. ಅಷ್ಟು ದಿನ ಕಾರ್ಡಿನಲ್ ಮತ್ತು ಫೈರ್‌ಫಿಶ್‌ಗಳಿಗೆ ಪೆಟ್ಟಿಗೆಯೇ ಗತಿ; ನಡುವೆ ಇನ್ನೊಂದು ತೂತಿನ ಹಾಳೆ ಇಳಿಸಿ ಎರಡು ಕೋಣೆ ಮಾಡಿಕೊಟ್ಟೆ.

ಜೋಡಣೆಯ ದಿನ ಮೊದಲು ನೀಲಿ ಡ್ಯಾಮ್ಸೆಲ್‌ನನ್ನು ಹಿಡಿದೆವು. ಗವಿಯಿದ್ದ ಕಲ್ಲನ್ನೇ ಎತ್ತಿ ಬಕೆಟ್ಟಿಗೆ ಇಳಿಸಿದರೆ ಅದರೊಳಗೇ ಇತ್ತು. ಹೆದರಿದರೆ ಗವಿ ಬಿಡದ ಮೀನನ್ನು ಹಿಡಿಯುವ ಸುಲಭ ದಾರಿ ಅದು. ಗುಡ್ಡವನ್ನು ಪೂರ್ತಿ ಬಿಚ್ಚಿ ಮೂರು ದ್ವೀಪ ಮಾಡಿದೆವು. ಎಡಕ್ಕೊಂದು ತಗ್ಗು, ಬಲಕ್ಕೊಂದು ಎತ್ತರ, ನಡುವೆ ಸ್ವಲ್ಪ ಹಿಂದೆ ಸರಿದು ಒಂದು ಗೋಡೆಯಂಥದ್ದು. ಕಲ್ಲುಗಳನ್ನು ಮರಳಿನ ಮೇಲೆ ಇಡದೆ ತಳದ ಗಾಜಿಗೇ ಊರಿ, ಆಮೇಲೆ ಸುತ್ತ ಮರಳು ತುಂಬಿದೆ. ಮೀನು ಮರಳು ಅಗೆದರೆ ಮೇಲಿಟ್ಟ ಕಲ್ಲು ಜಾರಿ ಗಾಜು ಒಡೆಯುತ್ತದೆ. ಹಿಂಬದಿಯ ಗಾಜಿನಿಂದ ಕೈ ಹೋಗುವಷ್ಟು ಅಂತರ ಬಿಟ್ಟೆ. ತಿಕ್ಕಲೂ ಬೇಕು, ಓಡಲು ಹಿಂದಿನ ಓಣಿಯೂ ಬೇಕು.

ಸರಿಯಾಗಿದೆಯೋ ಇಲ್ಲವೋ ನೋಡಿದ್ದು ರಾತ್ರಿ, ಚಾವಡಿಯ ದೀಪ ಆರಿಸಿ. ನೀರು ತೂರದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಬೆರಳುದ್ದದ ಟಾರ್ಚನ್ನು ಒಂದೊಂದೇ ಗವಿಯ ಬಾಯಿಯಲ್ಲಿ ಹಿಡಿದೆ. ಬೆಳಕು ಎಲ್ಲಿಯವರೆಗೆ ನೇರವಾಗಿ ಹೋಗುತ್ತದೋ ಅಲ್ಲಿಯವರೆಗೆ ಆ ಗವಿಯ ಮೀನಿನ ಕಣ್ಣೂ ಹೋಗುತ್ತದೆ. ಬಲದ್ವೀಪದ ಮೇಲಿನ ಬಾಯಿಯಿಂದ ಹೊರಟ ಬೆಳಕು ನೇರವಾಗಿ ಎಡದ್ವೀಪದ ಬಾಯಿಗೆ ಬಿತ್ತು. ಆ ಕಲ್ಲನ್ನು ಕಾಲು ಸುತ್ತು ತಿರುಗಿಸಿ, ನಡುವಿನ ಗೋಡೆಯನ್ನು ನಾಲ್ಕು ಬೆರಳು ಮುಂದೆ ತಂದಾಗ ಬೆಳಕು ಗೋಡೆಗೆ ಬಡಿದು ನಿಂತಿತು. ಒಂದು ಗವಿಯಿಂದ ಇನ್ನೊಂದು ಗವಿ ಕಾಣದ ಹಾಗೆ ಆಗುವವರೆಗೆ ಹೀಗೆಯೇ ಕೂತು ತಿರುಗಿಸಿದೆವು. ಅಳಿಯನಿಗೆ ಇಡೀ ಕೆಲಸದಲ್ಲಿ ಮೆಚ್ಚುಗೆಯಾದದ್ದು ಈ ಟಾರ್ಚಿನ ಆಟ.

ಬಿಡುವ ಕ್ರಮ: ಪುಕ್ಕಲು ಮೊದಲು, ಜಗಳಗಂಟ ಕೊನೆಗೆ. ದೀಪ ಆರಿದ ಮೇಲೆ ಫೈರ್‌ಫಿಶ್ ಮತ್ತು ಕಾರ್ಡಿನಲ್‌ಗಳನ್ನು ಹೊಸ ಜಾಗಕ್ಕೆ ಬಿಟ್ಟು, ಅವು ತಮ್ಮ ತಮ್ಮ ಸಂದು ಹುಡುಕಿಕೊಳ್ಳುವವರೆಗೆ ನೀಲಿ ಡ್ಯಾಮ್ಸೆಲ್‌ನನ್ನು ಪೆಟ್ಟಿಗೆಯಲ್ಲಿ ಇಟ್ಟೆವು. ಹಳೆಯ ಗವಿ ಇಲ್ಲ, ಗುಡ್ಡವೂ ಇಲ್ಲ. ಈಗ ಅದೇ ಹೊಸಬ. ಮೊದಲು ಅದು ಹತ್ತಿರ ಸುಳಿದವರ ಕಡೆಗೆಲ್ಲ ನುಗ್ಗಿ ಅಕ್ರಿಲಿಕ್ಕಿಗೆ ಮೂತಿ ಬಡಿದುಕೊಳ್ಳುತ್ತಿತ್ತು. ಬಿಡುಗಡೆಗೆ ದಿನ ಎಣಿಸುವುದರಲ್ಲಿ ಅರ್ಥವಿಲ್ಲ. ಬೇರೆ ಮೀನು ಪೆಟ್ಟಿಗೆಯ ಪಕ್ಕದಲ್ಲೇ ಹಾದರೂ ಅದು ಊಟ ಬಿಟ್ಟು ಏಳದಿದ್ದರೆ ಆಗ ಮುಚ್ಚಳ ತೆಗೆಯಬೇಕು. ಕನ್ನಡಿ ಇಡುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಹೊರಗಿನ ಗಾಜಿಗೆ ಕನ್ನಡಿ ಒರಗಿಸಿದರೆ ಜಗಳಗಂಟ ತನ್ನ ನೆರಳಿನ ಜೊತೆ ಕಾದಾಡುತ್ತದೆ, ಹೊಸಬನಿಗೆ ಒಂದೆರಡು ತಾಸು ಬಿಡುವು ಸಿಗುತ್ತದೆ. ಬಿಡುಗಡೆಯ ದಿನ ನಾವೂ ಇಟ್ಟೆವು. ಸೋಲದ, ಓಡದ ಎದುರಾಳಿಯ ಮುಂದೆ ಮೀನನ್ನು ದಿನಗಟ್ಟಲೆ ನಿಲ್ಲಿಸುವುದು ಹಿಂಸೆ, ಸಂಜೆಗೆ ತೆಗೆದೆ.

ಊಟ ಈಗ ಎರಡೂ ತುದಿಯಲ್ಲಿ, ಒಂದೇ ಹೊತ್ತಿಗೆ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು ಸಲ. ಅಕ್ಕ ಒಂದು ಕಡೆ, ಅಳಿಯ ಇನ್ನೊಂದು ಕಡೆ ನಿಲ್ಲುತ್ತಾರೆ.

ಕ್ಲೌನ್ ಜೋಡಿಯ ಕಥೆ ಬೇರೆ. ಅವು ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ್ದು ಅದರ ಗಂಡ. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ಗಟ್ಟಿ ಕೂತ ಜೋಡಿಯ ನಡುವೆ ಮೂರನೆಯದನ್ನು ತಂದು ಬಿಟ್ಟರೆ ಅದನ್ನು ಕೊಲ್ಲುವವರೆಗೂ ಬಿಡುವುದಿಲ್ಲ. ಇವು ಎಡ ಮೂಲೆಯಲ್ಲಿ ಒಂದು ಹೆಂಚಿನ ಚೂರನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿಟ್ಟಿದ್ದವು. ಆ ಹೆಂಚನ್ನು ಅಲ್ಲಿಂದ ಕದಲಿಸದೆ ಎಡದ್ವೀಪವನ್ನೇ ಅದರ ಸುತ್ತ ಕಟ್ಟಿದೆ. ಜೋಡಣೆ ಮುಗಿದು ಒಂದು ತಿಂಗಳೊಳಗೆ ಅದರ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳ ಪದರ ಕಂಡಿತು. ಗಂಡು ರೆಕ್ಕೆಯಿಂದ ಗಾಳಿ ಹಾಕುತ್ತ, ಬಾಯಿಯಿಂದ ಉಜ್ಜುತ್ತ ಅಲ್ಲೇ ಇರುತ್ತದೆ. ಮೊಟ್ಟೆ ಒಡೆಯಲು ಒಂದು ವಾರದಿಂದ ಹತ್ತು ದಿನ. ಅಷ್ಟು ದಿನ ಎಡಗಡೆಗೆ ಕೈ ಹಾಕಿದರೆ ಹೆಣ್ಣು ಬಂದು ಕಚ್ಚುತ್ತದೆ. ರಾತ್ರಿ ಮನೆ ನಿಶ್ಶಬ್ದ ಆದಾಗ ಗಾಜಿಗೆ ಕಿವಿಯಿಟ್ಟರೆ ಟಕ್ ಟಕ್ ಎಂದು ಕೇಳುತ್ತದೆ. ಕ್ಲೌನ್ ಮೀನು ದವಡೆಯನ್ನು ಚಟ್ಟನೆ ಮುಚ್ಚಿ ಹಲ್ಲಿಗೆ ಹಲ್ಲು ಬಡಿದು ಮಾಡುವ ಸದ್ದು ಅದು. ಈ ಸಿಟ್ಟಿಗೆ ಮದ್ದು ಬೇಡ. ಉದ್ದ ಹಿಡಿಯ ತಿಕ್ಕುವ ಕೋಲು ತಂದರೆ ಸಾಕು.

ಜಗಳ ಪೂರ್ತಿ ನಿಂತಿದೆಯೇ ಎಂದರೆ ಇಲ್ಲ. ಸಂಜೆ ದೀಪ ಮಂಕಾಗುವ ಹೊತ್ತಿಗೆ ನೀಲಿ ಡ್ಯಾಮ್ಸೆಲ್ ಬಲದ್ವೀಪದಿಂದ ಹೊರಟು ಕಾರ್ಡಿನಲ್‌ನನ್ನು ಒಂದು ಗೇಣು ಓಡಿಸುತ್ತದೆ. ಕಾರ್ಡಿನಲ್ ಗೋಡೆಯ ಹಿಂದೆ ಸರಿದರೆ ಅಲ್ಲಿಗೆ ಮರೆತು ಹಿಂದಿರುಗುತ್ತದೆ. ಇದು ನಡೆಯಲಿ. ರೆಕ್ಕೆ ಹರಿದಿದ್ದರೆ, ಊಟಕ್ಕೆ ಬರದಿದ್ದರೆ, ಕಿವಿರು ಜೋರಾಗಿ ಬಡಿಯುತ್ತಿದ್ದರೆ, ಮೇಲಿನ ಮೂಲೆ ಹಿಡಿದಿದ್ದರೆ ಆಗ ಪೆಟ್ಟಿಗೆ ಮತ್ತೆ ಇಳಿಯುತ್ತದೆ. ಕಾರ್ಡಿನಲ್‌ನ ಸೀಳಿದ ಬಾಲ ಬೆಳೆದು ಕೂಡಿಕೊಂಡಿದೆ. ತುದಿ ಮಾತ್ರ ಸ್ವಲ್ಪ ಸೊಟ್ಟ.

ಹೆದರಿದ ಫೈರ್‌ಫಿಶ್ ನೀರಿನಿಂದ ಹೊರಗೆ ಹಾರುವ ಜಾತಿ. ಅದಕ್ಕೆ ಕಿಟಕಿಯ ಸೊಳ್ಳೆಪರದೆಗೆ ಬಳಸುವ ಅಲ್ಯುಮಿನಿಯಂ ಚೌಕಟ್ಟು ಮಾಡಿಸಿ, ಸೊಳ್ಳೆಪರದೆಯ ಬದಲು ಸಣ್ಣ ಕಣ್ಣಿನ ಮೀನಿನ ಬಲೆ ಬಿಗಿದೆ. ಸೊಳ್ಳೆಪರದೆ ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ, ಬಲೆ ತಡೆಯುವುದಿಲ್ಲ. ಡೊಮಿನೊವನ್ನು ಮಂಗಳೂರಿನಲ್ಲಿ ದೊಡ್ಡ ಟ್ಯಾಂಕ್ ಇಟ್ಟುಕೊಂಡು ಗಟ್ಟಿ ಮೀನುಗಳನ್ನೇ ಸಾಕುವ ಪರಿಚಿತರೊಬ್ಬರು ಒಯ್ದರು.

ಅದರ ಜಾಗಕ್ಕೆ ಪೌಡರ್ ಬ್ಲೂ ಟ್ಯಾಂಗ್ ತರುವುದು ಅಳಿಯನ ಹೊಸ ಆಸೆ. ದಿನವಿಡೀ ಈಜುತ್ತ ಪಾಚಿ ಮೇಯುವ ಮೀನು ಅದು, ಬಾಲದ ಬುಡದಲ್ಲಿ ಎರಡೂ ಕಡೆ ಬ್ಲೇಡಿನಂಥ ಮುಳ್ಳು ಬೇರೆ. ನಾಲ್ಕಡಿಯಲ್ಲಿ ಅದು ತಿರುಗಿದಲ್ಲೇ ತಿರುಗಿ ಎಲ್ಲರ ಮೇಲೂ ರೇಗುತ್ತದೆ, ಕಲ್ಲನ್ನು ಹೇಗೆ ಜೋಡಿಸಿದರೂ ಆಗದು, ಕಡಿಮೆಯೆಂದರೆ ಆರಡಿ ಬೇಕು ಎಂದೆ. ಆರಡಿಯ ಟ್ಯಾಂಕಿಗೆ ಚಾವಡಿಯಲ್ಲಿ ಜಾಗವಿಲ್ಲ ಎಂದು ಅಕ್ಕ ಅಡುಗೆಮನೆಯಿಂದಲೇ ಹೇಳಿದಳು.